ಕೆಲಸದ ನಡುವೆ ಕೈಗೊಂದು ಹೆಣಿಗೆ: ಕ್ರೋಶಾ, ಟ್ಯಾಟಿಂಗ್, ಕಸೂತಿ, ಸ್ವೆಟರ್, ಯಾವುದು ಯಾರಿಗೆ?

ಬೇಲೂರಿನಿಂದ ಚಿಕ್ಕಮಗಳೂರಿಗೆ ಸುಮಾರು 25 ಕಿಲೋಮೀಟರ್. ಬೆಳಿಗ್ಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಸಂಜೆ ಮತ್ತೆ ಮುಕ್ಕಾಲು ಗಂಟೆ. ನಡುವೆ ಕಾಫಿ ವ್ಯಾಪಾರದ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳೆಗಾರರು ಮೂಟೆ ಇಳಿಸುತ್ತಾರೆ, ಹುಡುಗರು ಸ್ಯಾಂಪಲ್ ತೆಗೆದು ತೇವಾಂಶ ನೋಡುತ್ತಾರೆ, ಸುಲಿದು ಔಟ್‌ಟರ್ನ್, ಅಂದರೆ ಎಷ್ಟು ಬೀಜ ಬಂತು ಎಂದು, ತೂಗುತ್ತಾರೆ, ಆಮೇಲೆ ಚೀಟಿ ನನ್ನ ಮೇಜಿಗೆ ಬರುತ್ತದೆ. ಚೀಟಿ ಬಂದರೆ 50 ಕೆ.ಜಿ. ಮೂಟೆಯ ಲೆಕ್ಕದಲ್ಲಿ ಬಿಲ್ಲು ಮಾಡುವುದು ನನ್ನ ಕೆಲಸ. ಬರುವವರೆಗೆ ಕೈ ಖಾಲಿ. ಆ ಹತ್ತು ನಿಮಿಷ, ಹದಿನೈದು ನಿಮಿಷ ಮೊದಲೆಲ್ಲ ಮೊಬೈಲಿಗೆ ಹೋಗುತ್ತಿತ್ತು. ಈಗ ದಾರಕ್ಕೆ ಹೋಗುತ್ತದೆ. ಎಂಟು ವರ್ಷದಲ್ಲಿ ಆರು ಬಗೆಯ ಕೈಕೆಲಸ ಆ ಸಂದುಗಳಲ್ಲಿ ಮಾಡಿ ನೋಡಿದ್ದೇನೆ. ಕೆಲವು ಉಳಿದವು, ಕೆಲವನ್ನು ಮನೆಗೆ ವಾಪಸು ಒಯ್ದೆ.

ಬಸ್ಸಿನಲ್ಲಿ ನನ್ನ ಕೈ ನೋಡಿ ಕೇಳುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: "ಯಾರ ಕಣ್ಣಿಗೂ ಬೀಳದ ಹಾಗೆ ಆಫೀಸಿನಲ್ಲಿ ಮಾಡೋದಕ್ಕೆ ಯಾವುದು ಒಳ್ಳೇದು?" ಸಾಮಾನು ಎಷ್ಟು ಚಿಕ್ಕದು ಅನ್ನುವುದರ ಮೇಲೆ ಅವರು ಆರಿಸಲು ಹೊರಟಿರುತ್ತಾರೆ. ನಾನು ಮೊದಲು ನೋಡುವುದು ಬೇರೆ. ಯಾರಾದರೂ ಹೆಸರು ಹಿಡಿದು ಕರೆದರೆ ಕೈಲಿರುವುದನ್ನು ಒಂದು ಉಸಿರಿನಲ್ಲಿ ಕೆಳಗಿಡಬಹುದೇ? ಕೆಳಗಿಟ್ಟಿದ್ದು ಕೆಡದೆ ಇದ್ದಲ್ಲೇ ಇರುತ್ತದೆಯೇ? ಕೈ ಓಡುವಾಗ ಕಿವಿ ಬಿಡುವಾಗಿರುತ್ತದೆಯೇ? ಈ ಮೂರಕ್ಕೂ ಹೌದು ಅಂದ ಕೆಲಸ ದೊಡ್ಡದಿದ್ದರೂ ನಡೆಯುತ್ತದೆ. ಒಂದಕ್ಕೆ ಇಲ್ಲ ಅಂದರೂ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟದಾದರೂ ನಡೆಯುವುದಿಲ್ಲ.

ಇದನ್ನು ನಾನು ಕಲಿತದ್ದು ಸುಲಭವಾಗಿ ಅಲ್ಲ. ಹಿಂದಿನ ಕಚೇರಿಯಲ್ಲಿ ಮೇಜಿನ ಕೆಳಗೆ ಸ್ವೆಟರ್ ಹಾಕುತ್ತಿದ್ದೆ. ಬೆನ್ನಿನ ಭಾಗ, ಜಡೆ ಹೆಣಿಗೆ, ಪ್ರತಿ ಸಾಲಿಗೂ ಎಣಿಕೆ. ತುಟಿಯಲ್ಲೇ ಎಣಿಸುತ್ತಿದ್ದಾಗ ಎದುರಿಗೆ ವಯಸ್ಸಾದ ಬೆಳೆಗಾರರೊಬ್ಬರು ಕಾಗದ ಹಿಡಿದು ನಿಂತಿದ್ದರು. ಎರಡು ಸಲ "ಅಮ್ಮಾ" ಅಂದರಂತೆ. ನನಗೆ ಕೇಳಿಸಲೇ ಇಲ್ಲ. ಮೇಲಿನವರು ಬಂದು ಎಲ್ಲರೆದುರು ಬೈದರು, ಹೆಣಿಗೆಯನ್ನು ಎಳೆದು ಮೇಜಿನ ಮೇಲೆ ಹಾಕಿದರು, ಕಡ್ಡಿ ಜಾರಿ ಅರ್ಧ ಸಾಲು ಬಿಚ್ಚಿಹೋಯಿತು. ಬೈದ ರೀತಿ ಸರಿಯಿರಲಿಲ್ಲ, ಆ ನೋವು ಇನ್ನೂ ಇದೆ. ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ಹಿರಿಯರು ನಿಂತೇ ಇದ್ದರು ಅನ್ನುವುದು. ಅವತ್ತು ಮನೆಗೆ ಬಂದು ಹೆಣಿಗೆಯನ್ನು ಪೆಟ್ಟಿಗೆಗೆ ಹಾಕಿದೆ. ಆರು ತಿಂಗಳು ಮುಟ್ಟಲಿಲ್ಲ.

ಈಗಿನ ಕಚೇರಿ ಸೇರಿದ ವಾರದಲ್ಲೇ ಯಜಮಾನರಿಗೆ ಹೇಳಿಬಿಟ್ಟೆ: ಚೀಟಿ ಕಾಯುವ ಹೊತ್ತಿನಲ್ಲಿ, ಊಟದ ಹೊತ್ತಿನಲ್ಲಿ ಕೈಲಿ ದಾರ ಇರುತ್ತದೆ, ಎದುರಿಗೆ ಜನ ಬಂದರೆ ಇರುವುದಿಲ್ಲ. ಅವರು "ಲೆಕ್ಕ ಸರಿ ಇದ್ದರೆ ಆಯಿತು" ಅಂದರು. ಅಷ್ಟು ಹೇಳಿಕೊಂಡ ಮೇಲೆ ಕೈ ನಡುಗುವುದು ನಿಂತಿತು. ಸದ್ದಿಲ್ಲದೆ ಮಾಡುವುದು ಅಂದರೆ ನನಗೆ ಇಷ್ಟೇ: ಪಕ್ಕದವರ ಗಮನ ಕೆಡಬಾರದು, ಎದುರಿಗೆ ಬಂದವರು ಕಾಯಬಾರದು, ನೆಲದ ಮೇಲೆ ದಾರದ ತುಂಡು ಬೀಳಬಾರದು. ಕೊನೆಯದನ್ನು ಯಾರೂ ಯೋಚಿಸುವುದಿಲ್ಲ. ಕಸ ಗುಡಿಸುವ ಅಕ್ಕನ ಪೊರಕೆಗೆ ಆ ದಾರಗಳು ಸುತ್ತಿಕೊಂಡು ಬಿಡಿಸಲು ಅವರು ಪಡುವ ಪಾಡನ್ನು ಒಮ್ಮೆ ಕಣ್ಣಾರೆ ನೋಡಿದ ಮೇಲೆ, ಖಾಲಿ ಮಾತ್ರೆ ಡಬ್ಬಿಯೊಂದನ್ನು ತುಂಡು ದಾರಕ್ಕೆಂದೇ ಇಟ್ಟುಕೊಂಡಿದ್ದೇನೆ.

ಕ್ರೋಶಾ: ಮೊದಲ ಸಲ ಶುರುಮಾಡುವವರಿಗೆ

ಏನೂ ಗೊತ್ತಿಲ್ಲದವರು ಕೇಳಿದರೆ ಕಣ್ಣುಮುಚ್ಚಿ ಕ್ರೋಶಾ ಹೇಳುತ್ತೇನೆ, ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿಯ ಹೆಣಿಗೆ. ಕಾರಣ ಒಂದೇ ಒಂದು. ಸ್ವೆಟರ್ ಕಡ್ಡಿಯ ಮೇಲೆ ಎಂಬತ್ತು, ನೂರು ಕುಣಿಕೆಗಳು ಒಟ್ಟಿಗೆ ಜೀವ ಹಿಡಿದು ಕೂತಿರುತ್ತವೆ. ಕ್ರೋಶಾದಲ್ಲಿ ಯಾವಾಗಲೂ ಒಂದೇ ಕುಣಿಕೆ. ಹಿಂದಿನದೆಲ್ಲ ಕಟ್ಟಿ ಮುಗಿದಿರುತ್ತದೆ. ಕರೆದರೆ ಆ ಒಂದು ಕುಣಿಕೆಯನ್ನು ಉದ್ದಕ್ಕೆ ಎಳೆದು ಬಿಟ್ಟು ಏಳಬಹುದು, ಸೇಫ್ಟಿ ಪಿನ್ ಸಿಕ್ಕಿಸಿದರೆ ಇನ್ನೂ ಒಳ್ಳೆಯದು. ಕಡ್ಡಿ ಜಾರಿದರೂ ಬಿಚ್ಚುವುದು ಎರಡು ಮೂರು ಹೆಣಿಗೆ.

ಆದರೆ ಕ್ರೋಶಾದಲ್ಲಿ ಏನು ಮಾಡುತ್ತೀರಿ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಡಬಲ್ ಕಾಟಿನ ಹೊದಿಕೆ ಶುರುಮಾಡಿದರೆ ಎರಡೇ ವಾರದಲ್ಲಿ ಅದು ತೊಡೆಯ ಮೇಲೆ ಬೆಕ್ಕಿನ ಹಾಗೆ ಮಲಗುತ್ತದೆ, ಚೀಲದಲ್ಲಿ ಹಿಡಿಯುವುದಿಲ್ಲ. ಪುಟ್ಟ ಚೌಕಗಳನ್ನು ಮಾಡಿ ಮನೆಯಲ್ಲಿ ಜೋಡಿಸಿದರೆ ಅದೇ ಹೊದಿಕೆ ಯಾವ ತೊಂದರೆಯೂ ಇಲ್ಲದೆ ಆಗುತ್ತದೆ. ನನ್ನ ಮೆಚ್ಚಿನದು ಕುಲಾವಿ. ಮಗುವಿನ ಕುಲಾವಿಯ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಕೆಲಸವನ್ನು ಹೇಗೆ ಎರಡು ಪಾಲು ಮಾಡಬೇಕು ಅನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ನೆತ್ತಿಯಲ್ಲಿ ಒಂದು ಉಂಗುರ ಹಾಕಿ ಅದರೊಳಗೆ 12 ಕಂಬ, ಅಂದರೆ ನೆಟ್ಟಗೆ ನಿಲ್ಲುವ ಉದ್ದ ಹೆಣಿಗೆ. ಎರಡನೇ ಸುತ್ತಿನಲ್ಲಿ ಪ್ರತಿ ಕಂಬಕ್ಕೆ ಎರಡೆರಡು, ಅಲ್ಲಿಗೆ 24. ಮೂರನೇ ಸುತ್ತಿನಲ್ಲಿ ಒಂದು ಬಿಟ್ಟು ಒಂದಕ್ಕೆ ಎರಡು, 36. ಬೇಕಾದ ಅಗಲ ಬರುವವರೆಗೆ ಹೀಗೆ ಸುತ್ತಿಗೆ 12 ಹೆಚ್ಚಿಸುತ್ತ ಹೋಗಬೇಕು. ಇಲ್ಲಿ ಎಣಿಕೆ ಕಡಿಮೆಯಾದರೆ ಕುಲಾವಿ ಬೇಗನೇ ಬಟ್ಟಲಿನ ಹಾಗೆ ಮುದುಡುತ್ತದೆ, ಹೆಚ್ಚಾದರೆ ಅಂಚು ನೆರಿಗೆ ಬೀಳುತ್ತದೆ. ಅಗಲ ಸಾಕಾದ ಮೇಲೆ ಹೆಚ್ಚಿಸುವುದೇ ಇಲ್ಲ. ಕಿವಿ ಮುಚ್ಚುವವರೆಗೆ ಕಂಬಕ್ಕೊಂದು ಕಂಬ, ಸುತ್ತಿ ಸುತ್ತಿ ಕೆಳಗಿಳಿಯುವುದು.

ಹಾಗಾಗಿ ಹೆಚ್ಚಿಸುವ ಸುತ್ತುಗಳನ್ನು ರಾತ್ರಿ ಮನೆಯಲ್ಲಿ ಮುಗಿಸುತ್ತೇನೆ. ನೇರ ಸುತ್ತುಗಳು ಕಚೇರಿಗೆ. ಅದಕ್ಕೆ ಕಣ್ಣೂ ಬೇಡ, ಎಣಿಕೆಯೂ ಬೇಡ. ಫೋನಿನಲ್ಲಿ ಬ್ಯಾಂಕಿನವರು ಹೋಲ್ಡಿನಲ್ಲಿಟ್ಟಾಗ ಅರ್ಧ ಸುತ್ತು ಆಗಿರುತ್ತದೆ. ಯಾವ ಕೈಕೆಲಸವಾದರೂ ಸರಿ, ಅದರಲ್ಲಿ ಎಣಿಸುವ ಪಾಲು ಯಾವುದು, ಎಣಿಸದ ಪಾಲು ಯಾವುದು ಎಂದು ಮೊದಲೇ ಬೇರೆ ಮಾಡಿಕೊಳ್ಳಿ. ಆಗ ಬೇಡವೆಂದು ಕೈಬಿಟ್ಟ ಎಷ್ಟೋ ಕೆಲಸಗಳು ಮತ್ತೆ ಕೈಗೆ ಬರುತ್ತವೆ.

ತೊಂದರೆಗಳೂ ಇವೆ. ಉಲ್ಲನ್ ಉಂಡೆ ಉರುಳುತ್ತದೆ. ಉಂಡೆಯ ಒಳಗಿನಿಂದ ದಾರ ಎಳೆಯುವ ಹಾಗೆ ಸುತ್ತಿ, ಚೀಲದ ಬಾಯಿಯನ್ನು ಬೆರಳಷ್ಟೇ ತೆರೆದಿಟ್ಟರೆ ಉರುಳುವುದಿಲ್ಲ. ತೆಳು ದಾರಕ್ಕೆ ಬಳಸುವ ಸ್ಟೀಲ್ ಕಡ್ಡಿ ಟೈಲ್ಸ್ ನೆಲಕ್ಕೆ ಬಿದ್ದರೆ ಇಡೀ ಹಾಲಿಗೆ ಕೇಳಿಸುತ್ತದೆ, ಹಿಡಿಗೆ ರಬ್ಬರ್ ತೊಡಿಸಿ. ನಮ್ಮಂಥ ಕಡೆ ಕೆಲಸ ಮಾಡುವವರಿಗೆ ಇನ್ನೊಂದು ಮಾತು: ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಸಿಪ್ಪೆಯ ಧೂಳು ಎಲ್ಲದರ ಮೇಲೂ ಕೂರುತ್ತದೆ. ಬಿಳಿ ದಾರ ಮೂರೇ ದಿನದಲ್ಲಿ ಮಾಸಲು ಕಂದಾಗುತ್ತದೆ, ತೊಳೆದರೂ ಆ ಛಾಯೆ ಪೂರ್ತಿ ಹೋಗುವುದಿಲ್ಲ. ಸುಗ್ಗಿಯಲ್ಲಿ ನಾನು ಬೂದು, ಇಟ್ಟಿಗೆ ಕೆಂಪು, ಬಾಟಲ್ ಹಸಿರು ಬಿಟ್ಟು ಬೇರೆ ಬಣ್ಣ ಮುಟ್ಟುವುದಿಲ್ಲ.

ದಿನವಿಡೀ ಕೀಬೋರ್ಡ್ ಒತ್ತುವವರು ಒಂದು ಜಾಗ್ರತೆ ವಹಿಸಬೇಕು. ಕ್ರೋಶಾದಲ್ಲಿ ಮಣಿಕಟ್ಟು ಒಂದೇ ರೀತಿ ತಿರುಗುತ್ತಿರುತ್ತದೆ. ಟೈಪಿಂಗ್ ಜಾಸ್ತಿ ಇದ್ದ ದಿನ ಅದನ್ನೂ ಸೇರಿಸಿದರೆ ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಗುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬಿಡಿ. ನೋವು ಬಂದ ಮೇಲೆ "ಇನ್ನೊಂದು ಸುತ್ತು" ಅನ್ನಬೇಡಿ.

ಟ್ಯಾಟಿಂಗ್: ಬಸ್ಸಿಗೆ ಇದಕ್ಕೆ ಸಾಟಿ ಇಲ್ಲ

ದಾರದ ಗಂಟುಗಳಿಂದಲೇ ಲೇಸು ಮಾಡುವ ಕೆಲಸ ಇದು, ನಮ್ಮ ಕಡೆ ಮಾಡುವವರು ಕಡಿಮೆ. ಬೆರಳುದ್ದದ ದೋಣಿಯಾಕಾರದ ಷಟಲ್ ಒಂದು, ಅದರ ಹೊಟ್ಟೆಯಲ್ಲಿ ಸುತ್ತಿದ ದಾರ, ಅಷ್ಟೇ. ಕನ್ನಡಕದ ಡಬ್ಬಿಯಲ್ಲಿ ಇಡೀ ಸಂಸಾರ ಹಿಡಿಯುತ್ತದೆ. ಷಟಲ್ ನನಗೆ ಇಲ್ಲಿನ ಅಂಗಡಿಗಳಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿದೆ. ದಾರ ಕ್ರೋಶಾಕ್ಕೆ ಬಳಸುವ ನೂಲೇ. ನಂಬರ್ ಹೆಚ್ಚಿದಷ್ಟೂ ದಾರ ತೆಳು: ಕಲಿಯಲು 10, ಕೈ ಕೂತ ಮೇಲೆ 20, ಕರ್ಚೀಫಿನ ಅಂಚಿಗೆ 40. ಕೂದಲಿನಂಥ 80ನ್ನು ಬಸ್ಸಿನಲ್ಲಿ ಪ್ರಯತ್ನಿಸಬೇಡಿ.

ಕಲಿಯುವುದು ಕಷ್ಟ, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಎರಡು ವಾರ ನನಗೆ ಒಂದು ಗಂಟೂ ಸರಿಬರಲಿಲ್ಲ. ಎಡಗೈ ಬೆರಳುಗಳ ಸುತ್ತ ದಾರವನ್ನು ಬಳೆಯ ಹಾಗೆ ಹಿಡಿದು, ಷಟಲನ್ನು ಅದರ ಕೆಳಗೆ ತೂರಿಸಿ ಮೇಲಿಂದ ವಾಪಸು ತಂದರೆ ಷಟಲಿನ ದಾರ ಬಳೆಯ ದಾರಕ್ಕೆ ಸುತ್ತಿಕೊಳ್ಳುತ್ತದೆ. ಹಾಗೇ ಬಿಗಿದರೆ ಅದು ಸತ್ತ ಗಂಟು. ಬಿಗಿಯುವ ಮೊದಲು ಎಡಗೈ ಬೆರಳನ್ನು ಸಡಿಲ ಬಿಡಬೇಕು, ಷಟಲಿನ ದಾರವನ್ನು ನೆಟ್ಟಗೆ ಎಳೆದು ಹಿಡಿಯಬೇಕು. ಆಗ ಸುತ್ತು ಈ ದಾರದಿಂದ ಆ ದಾರಕ್ಕೆ ಜಿಗಿಯುತ್ತದೆ. ಕಣ್ಣೆದುರೇ ಜಿಗಿಯುತ್ತದೆ, ಸಣ್ಣದೊಂದು ಪುಟಿತ ಬೆರಳಿಗೂ ತಾಗುತ್ತದೆ. ಮೇಲಿಂದ ಕೆಳಕ್ಕೆ ಇನ್ನೊಂದು ಸಲ ಅದನ್ನೇ ಮಾಡಿದರೆ ಒಂದು ಪೂರ್ತಿ ಗಂಟು. ಸರಿಯಾಗಿದೆಯೇ ಎಂದು ನೋಡಲು ಗಂಟನ್ನು ಷಟಲಿನ ದಾರದ ಮೇಲೆ ಸರಿಸಿ; ಮಣಿಯ ಹಾಗೆ ಜಾರಿದರೆ ಸರಿ. ಆ ಜಿಗಿತ ಒಮ್ಮೆ ಕೈಗೆ ಸಿಕ್ಕಿತೋ, ಆಮೇಲೆ ಪ್ರತಿ ಗಂಟನ್ನೂ ನೋಡಿ ಮಾಡಬೇಕಾಗಿಲ್ಲ.

ಇದು ನನ್ನ ಮೂರು ಪ್ರಶ್ನೆಗೂ ಹೌದು ಅನ್ನುತ್ತದೆ. ಪ್ರತಿ ಗಂಟೂ ತನ್ನಷ್ಟಕ್ಕೆ ಮುಗಿದದ್ದು, ಎಲ್ಲಿ ಬಿಟ್ಟರೂ ಬಿಚ್ಚುವುದಿಲ್ಲ. ಎಣಿಕೆ ಐದರೊಳಗೆ: ಐದು ಗಂಟು, ಒಂದು ಪಿಕೋ (ಗಂಟುಗಳ ನಡುವೆ ಬಿಡುವ ಪುಟ್ಟ ಕುಣಿಕೆ), ಮತ್ತೆ ಐದು. ಅದು ಬಾಯಿಗೆ ಬರುವುದೇ ಇಲ್ಲ, ಬೆರಳೇ ಲೆಕ್ಕ ಇಡುತ್ತದೆ. ಮೊಣಕೈ ಪಕ್ಕದವರಿಗೆ ತಾಗುವುದಿಲ್ಲ. ಚೂಪು ಸೂಜಿ ಇಲ್ಲ, ಹಾಗಾಗಿ ರಸ್ತೆ ತಿರುವಿನಲ್ಲಿ ಬಸ್ಸು ಎಗರಿದರೂ ಭಯವಿಲ್ಲ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳು ಬಸ್ಸಿನಲ್ಲಿ ತುಂಬಿರುತ್ತಾರೆ, ಅದು ಸಂತೋಷವೇ. ಮೂರು ಜನರ ಸೀಟಿನಲ್ಲಿ ಒತ್ತಿಕೊಂಡು ಕೂತರೂ ಷಟಲ್ ಓಡುತ್ತದೆ. ಕಚೇರಿಯಲ್ಲಿ ಒಂದೇ ಸದ್ದು: ಷಟಲಿನ ತುದಿಯಿಂದ ದಾರ ಬಿಡುವಾಗಿನ ಟಕ್ ಟಕ್. ನಿಶ್ಶಬ್ದ ಕೋಣೆಯಲ್ಲಿ ಅದು ಕೇಳಿಸುತ್ತದೆ. ಬೇಕಾದಷ್ಟು ದಾರವನ್ನು ಮೊದಲೇ ಬಿಟ್ಟುಕೊಂಡರೆ ಅದೂ ಇಲ್ಲ.

ದೋಷ ಎರಡು. ತಪ್ಪಾದರೆ ಬಿಚ್ಚುವುದು ಬಲು ಕಷ್ಟ. ಉಂಗುರ ಮುಚ್ಚಿದ ಮೇಲೆ ತಪ್ಪು ಕಂಡರೆ ಕತ್ತರಿಸುವುದೇ ಮೇಲು. ಮತ್ತೆ, ಇದು ನಿಧಾನ. ಒಂದು ಕರ್ಚೀಫಿನ ನಾಲ್ಕು ಅಂಚು ಮುಗಿಸಲು ನನಗೆ ಒಂದು ಮಳೆಗಾಲ ಬೇಕಾಯಿತು. ಬೇಗ ಏನಾದರೂ ಮುಗಿಸಿ ತೋರಿಸಬೇಕು ಅನ್ನುವ ಮನಸ್ಸಿನವರಿಗೆ ಇದು ಹಿಡಿಸದು. ಚಾಳೀಸು ಬಂದವರು ಕನ್ನಡಕ ಮರೆತ ದಿನ ಮಾಡಲೂ ಆಗದು.

ಕಸೂತಿ: ಆಸೆ ಎಲ್ಲರಿಗೂ, ಆದರೆ

ಧಾರವಾಡದ ಕಸೂತಿ ಕಂಡು ಮನಸೋಲದವರಿಲ್ಲ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ನಾಡಿನ ಕಲೆ. ಗವಂತಿ, ಮುರಗಿ, ನೇಗಿ, ಮೆಂತ್ಯ ಎಂದು ನಾಲ್ಕು ಹೊಲಿಗೆ. ತೇರು, ಗೋಪುರ, ತುಳಸಿ ಕಟ್ಟೆ, ಆನೆ, ನವಿಲು. ಚಿತ್ರ ಬರೆದುಕೊಳ್ಳುವ ಹಾಗಿಲ್ಲ, ಗಂಟು ಹಾಕುವ ಹಾಗಿಲ್ಲ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕಬೇಕು. ಸೂಜಿ, ಎರಡು ಬಣ್ಣದ ದಾರ, ಅಂಗೈ ಅಗಲದ ಬಟ್ಟೆ ಇದ್ದರೆ ಸಾಕು. ಇಷ್ಟು ಪುಟ್ಟ ಸಾಮಾನು ನೋಡಿ ಕಚೇರಿಗೆ ಇದೇ ಸರಿ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಸರಿಹೋಗದ್ದು ಎಣಿಕೆಯಲ್ಲಿ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತ ಗೆರೆಯ ತುದಿ ಮುಟ್ಟುತ್ತದೆ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಹಿಂದಿರುಗುತ್ತದೆ. ಹಾಗಾಗಿಯೇ ಎರಡೂ ಬದಿ ಒಂದೇ ಥರ ಕಾಣುವುದು. ಹೋಗುವ ದಾರಿಯಲ್ಲಿ ಒಂದೇ ಒಂದು ಎಳೆ ತಪ್ಪಿದರೆ ವಾಪಸು ಬರುವಾಗ ಗೆರೆ ಕೂಡುವುದಿಲ್ಲ, ಅಷ್ಟನ್ನೂ ಬಿಚ್ಚಬೇಕು. "ಮೇಡಂ, ಚೀಟಿ" ಅಂದಾಗ ನಾಲ್ಕನೇ ಎಳೆಯಲ್ಲಿದ್ದೆನೋ ಐದರಲ್ಲೋ? ತಿರುಗಿ ಬಂದು ಮತ್ತೆ ಮೊದಲಿನಿಂದ ಎಣಿಕೆ. ಹೀಗೆ ಒಂದೇ ತುಳಸಿ ಕಟ್ಟೆಯ ಮೆಟ್ಟಿಲನ್ನು ಒಂದು ವಾರದಲ್ಲಿ ಮೂರು ಸಲ ಬಿಚ್ಚಿದ್ದೇನೆ. ಅದಕ್ಕಿಂತ ಹೆಚ್ಚಾಗಿ, ಎಣಿಸುವಾಗ ನಾನು ಮತ್ತೆ ಕಿವುಡಿಯಾಗುತ್ತಿದ್ದೆ.

ಆದ್ದರಿಂದ ಕಸೂತಿಯನ್ನು ಸಂದುಗಳಿಂದ ತೆಗೆದು ಊಟದ ಹೊತ್ತಿಗೆ ಕೊಟ್ಟೆ. ಬುತ್ತಿ ಮುಗಿಸಿ ಉಳಿಯುವ ಇಪ್ಪತ್ತೈದು ನಿಮಿಷ ಯಾರೂ ಕರೆಯುವುದಿಲ್ಲ. ಒಂದು ಗೆರೆ ಹೋಗಿ ಬರುವಷ್ಟನ್ನೇ ಹಿಡಿಯುತ್ತೇನೆ, ಬಂದು ಮುಟ್ಟದ ಗೆರೆಯನ್ನು ಅರ್ಧಕ್ಕೆ ಬಿಟ್ಟು ಏಳುವುದಿಲ್ಲ. ಗಡಿಯಾರ ನೋಡಿ ಐದು ನಿಮಿಷವಷ್ಟೇ ಉಳಿದಿದ್ದರೆ ಹೊಸ ಗೆರೆ ಶುರುಮಾಡುವುದಿಲ್ಲ. ನಿಮಗೆ ಅಂಥ ಅಡೆತಡೆಯಿಲ್ಲದ ಅರ್ಧ ಗಂಟೆ ಖಂಡಿತ ಸಿಗುವುದಾದರೆ ಕಸೂತಿಯಷ್ಟು ಮನಸ್ಸು ತುಂಬುವ ಕೆಲಸ ಇನ್ನೊಂದಿಲ್ಲ. ಸಿಗದಿದ್ದರೆ ಅದನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ.

ಮಲೆನಾಡಿನ ಅಂಚಿನವರಿಗೆ ಮಬ್ಬು ಬೆಳಕು, ತೇವ ಎರಡೂ ಶತ್ರು. ಜುಲೈಯಲ್ಲಿ ಮಧ್ಯಾಹ್ನ ಮೂರಕ್ಕೇ ಮೋಡ ಕವಿದು ಕತ್ತಲಾಗುತ್ತದೆ, ಅದರ ಮೇಲೆ ಕರೆಂಟ್ ಹೋಗುತ್ತದೆ. ಕಪ್ಪು ಬಟ್ಟೆಯ ಎಳೆ ಎಣಿಸುವುದು ಆಗ ಸಾಧ್ಯವೇ ಇಲ್ಲ, ತಿಳಿ ಬಣ್ಣದ ಬಟ್ಟೆ ಆರಿಸಿ. ಒಂದು ಜುಲೈ ಶನಿವಾರ ಸಂಜೆ ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿ ಡ್ರಾಯರಿನಲ್ಲಿಟ್ಟು ಹೋದೆ. ಸೋಮವಾರ ತೆಗೆದರೆ ಸೂಜಿಯ ಉದ್ದಕ್ಕೂ ತುಕ್ಕಿನ ಗೆರೆ, ಎರಡು ತಿಂಗಳ ಕೆಲಸದ ನಟ್ಟನಡುವೆ. ನಿಂಬೆಹಣ್ಣು, ಉಪ್ಪು, ಬಿಸಿಲು, ಎಲ್ಲ ಮಾಡಿದೆ. ಗೆರೆ ಮಸುಕಾಯಿತು, ಹೋಗಲಿಲ್ಲ. ಅದೇ ಜಾಗಕ್ಕೆ ಇಟ್ಟಿಗೆ ಬಣ್ಣದ ದಾರದಲ್ಲಿ ಗಿಳಿಯೊಂದನ್ನು ಹಾಕಿ ಮುಚ್ಚಬೇಕಾಯಿತು.

ಸೂಜಿ ಕೆಲಸವೇ ಬೇಕು, ಎಣಿಕೆ ಬೇಡ ಅನ್ನುವವರಿಗೆ ಸುಲಭದ ದಾರಿ ಇದೆ. ನಾಲ್ಕಿಂಚಿನ ಪುಟ್ಟ ರಿಂಗಿನಲ್ಲಿ ಬಟ್ಟೆ ಬಿಗಿದು, ಮನೆಯಲ್ಲೇ ಪೆನ್ಸಿಲಿನಲ್ಲಿ ಹೂವು ಬರೆದುಕೊಂಡು, ಕಚೇರಿಯಲ್ಲಿ ಆ ಗೆರೆಯ ಮೇಲೆ ಸರಪಳಿ ಹೊಲಿಗೆ ಹಾಕುವುದು. ಗೆರೆ ಅಲ್ಲೇ ಇರುತ್ತದೆ, ನೆನಪಿಡಬೇಕಾದ್ದೇನೂ ಇಲ್ಲ. ಕ್ರಾಸ್ ಸ್ಟಿಚ್ ಇವೆರಡರ ನಡುವೆ: ಇಂಚಿಗೆ 14 ಚೌಕವಿರುವ ಆಯಿಡಾ ಬಟ್ಟೆಯಲ್ಲಿ ಎಣಿಸುವುದು ಸುಲಭ, ಆದರೆ ನಕ್ಷೆ ನೋಡುತ್ತಿರಬೇಕು. ನಕ್ಷೆ ಮೊಬೈಲಿನಲ್ಲಿದ್ದರೆ ನೀವು ಮೊಬೈಲ್ ನೋಡುತ್ತಿದ್ದೀರಿ ಎಂದೇ ಎಲ್ಲರೂ ತಿಳಿಯುತ್ತಾರೆ.

ಸ್ವೆಟರ್ ಹೆಣಿಗೆ

ಚಿಕ್ಕಮಗಳೂರಿನ ಮಾಗಿ ಚಳಿ ಕಂಡವರಿಗೆ ಕೈಯಲ್ಲಿ ಹೆಣೆದ ಸ್ವೆಟರಿನ ಬೆಲೆ ಹೇಳಬೇಕಾಗಿಲ್ಲ. ನನಗೆ ಈಗಲೂ ಅತಿ ಪ್ರೀತಿಯ ಕೆಲಸ ಇದೇ. ಕಚೇರಿಗೆ ತರುವುದಿಲ್ಲ. ಎರಡು ಉದ್ದ ಕಡ್ಡಿ, ಬಸ್ಸಿನಲ್ಲಿ ಪಕ್ಕದವರ ಪಕ್ಕೆಗೆ ಮೊಣಕೈ, ಅಲ್ಯೂಮಿನಿಯಂ ಕಡ್ಡಿಗಳ ಕಿಟಿಕಿಟಿ, ಸಾಲಿನ ನಡುವೆ ಬಿಟ್ಟರೆ ಕುಣಿಕೆ ಜಾರುವ ಭಯ. ತರಲೇಬೇಕು ಅಂದರೆ ನಡುವೆ ವಯರ್ ಇರುವ ಸರ್ಕ್ಯುಲರ್ ಕಡ್ಡಿ, ಅದೂ ಬಿದಿರಿನದು ತೆಗೆದುಕೊಳ್ಳಿ. ಎಲ್ಲ ಕುಣಿಕೆಗಳನ್ನು ವಯರಿನ ಮೇಲೆ ತಳ್ಳಿಬಿಟ್ಟರೆ ಜಾರುವುದಿಲ್ಲ, ಸದ್ದೂ ಇಲ್ಲ. ಅದರಲ್ಲಿ ಸಾದಾ ಮಫ್ಲರ್, ಎಲ್ಲ ಸಾಲೂ ಸೀದಾ. ಉಲ್ಟಾ ಸೀದಾ ಲೆಕ್ಕ, ಜಡೆ, ಕಂಕುಳ ಕಡಿಮೆ ಮಾಡುವುದು, ಇವೆಲ್ಲ ಮನೆಯಲ್ಲೇ.

ಷಟ್ಕೋನದ ತುಂಡು ಕೌದಿ: ಎಣಿಕೆ ಕಂಡರೆ ಆಗದವರಿಗೆ

ಇದನ್ನು ನಾನು ತಡವಾಗಿ ಕಂಡುಕೊಂಡೆ. ಇನ್ನೂ ಮುಂಚೆ ಯಾರಾದರೂ ಹೇಳಬಾರದಿತ್ತೇ ಅನ್ನಿಸಿತು. ಹಳೇ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ಒಂದೇ ಅಳತೆಯ ಷಟ್ಕೋನಗಳಾಗಿ ಕತ್ತರಿಸಿ, ಹಳೇ ಕಾಟನ್ ಸೀರೆಯ ತುಂಡನ್ನು ಅದರ ಸುತ್ತ ಮಡಚಿ ಟಾಕಿ ಹಾಕುವುದು. ಒಂದು ಷಟ್ಕೋನಕ್ಕೆ ಮೂರು ನಿಮಿಷ. ಏಳು ಸೇರಿದರೆ ಒಂದು ಹೂವು. ಅಂಚಿಗೆ ಅಂಚು ಕೂಡಿಸಿ ಹೊಲಿದ ಮೇಲೆ ಕಾಗದ ತೆಗೆದು ಮತ್ತೆ ಬಳಸಬಹುದು. ಎಣಿಸುವುದು, ನೆನಪಿಡುವುದು, ಬಿಚ್ಚುವುದು, ಯಾವುದೂ ಇಲ್ಲ. ಮೂರೇ ನಿಮಿಷ ಸಿಕ್ಕರೂ ಒಂದು ತುಂಡು ಮುಗಿದಿರುತ್ತದೆ. ನಮ್ಮ ಮನೆಯಲ್ಲಿ ಅಜ್ಜಿಯ ಮಗ್ಗದ ಸೀರೆ, ಅಮ್ಮನ ವಾಯಿಲ್ ಸೀರೆ, ನನ್ನ ಕಾಲೇಜಿನ ಚೂಡಿದಾರ ಎಲ್ಲ ಒಂದೇ ಕೌದಿಯಲ್ಲಿ ಅಕ್ಕಪಕ್ಕ ಕೂತಿವೆ. ಸೂಜಿಯೊಂದೇ ಅಪಾಯ, ಮೇಜಿನ ಮೇಲೆ ಪುಟ್ಟ ಅಯಸ್ಕಾಂತ ಇಟ್ಟುಕೊಂಡರೆ ಕಳೆಯುವುದಿಲ್ಲ.

ಸೀರೆ ಕುಚ್ಚು

ಬೇಡ. ಬೇರೆಯವರ ರೇಷ್ಮೆ ಸೀರೆ, ಮೇಜಿನ ಮೇಲೆ ಕಾಫಿ ಲೋಟ, ಇಷ್ಟೇ ಸಾಕು ಬೇಡ ಅನ್ನಲು. ಕುಚ್ಚು ಕಟ್ಟಲು ಸೆರಗು ಬಿಗಿಯಾಗಿ ನಿಲ್ಲಬೇಕು, ಹತ್ತಾರು ಎಳೆ ಒಟ್ಟಿಗೆ ಹಿಡಿಯಬೇಕು, ಎಲ್ಲವನ್ನೂ ಸಮನಾಗಿ ಕತ್ತರಿಸಬೇಕು. ಅದಕ್ಕಿಂತ ಮುಖ್ಯವಾದದ್ದು, ಕುಚ್ಚಿಗೆ ಆರ್ಡರ್ ಹಿಡಿದ ಕ್ಷಣದಿಂದ ಅದು ಹವ್ಯಾಸವಾಗಿ ಉಳಿಯುವುದಿಲ್ಲ, ಎರಡನೇ ನೌಕರಿಯಾಗುತ್ತದೆ. ಗೌರಿ ಹಬ್ಬಕ್ಕೆ, ಮದುವೆಗೆ ಎಂದು ದಿನ ಗೊತ್ತುಮಾಡಿ ಕೊಟ್ಟಿರುತ್ತಾರೆ. ಆಗ ಕಚೇರಿಯ ಹೊತ್ತನ್ನು ಅದಕ್ಕೆ ತೆಗೆದುಕೊಳ್ಳುವುದು ತಪ್ಪು. ಮನೆಯಲ್ಲಿ ಕುಚ್ಚು ಕಟ್ಟಿ ಸಂಸಾರಕ್ಕೆ ಆಸರೆಯಾದವರು ನಮ್ಮ ಬೀದಿಯಲ್ಲೇ ಇದ್ದಾರೆ, ಅವರ ಮೇಲೆ ನನಗೆ ಬಹಳ ಗೌರವ. ಅದರ ಜಾಗ ಅದಕ್ಕೇ ಇರಲಿ.

ಕಾಗದದ ಪಟ್ಟಿ ಸುರುಳಿ ಸುತ್ತುವ ಪೇಪರ್ ಕ್ವಿಲ್ಲಿಂಗ್ ಫ್ಯಾನಿನ ಗಾಳಿಗೆ ಹಾರುತ್ತದೆ, ಮಣಿ ಕೆಲಸ ಚೆಲ್ಲುತ್ತದೆ, ದಪ್ಪ ದಾರಕ್ಕೆ ಗಂಟು ಹಾಕುವ ಮ್ಯಾಕ್ರಮೆಗೆ ಗೋಡೆಯ ಮೊಳೆ ಬೇಕು. ಈ ಮೂರನ್ನು ಬಿಟ್ಟುಬಿಡಿ.

ನಿಮ್ಮ ಕೆಲಸ ನೋಡಿ ಆರಿಸಿ

ಕೌಂಟರಿನಲ್ಲಿ ಕೂತು ಜನರನ್ನು ಮಾತಾಡಿಸುವವರಿಗೆ ಟ್ಯಾಟಿಂಗ್ ಇಲ್ಲವೇ ಷಟ್ಕೋನ. ಎದ್ದು ಮುಖ ನೋಡಲು ಒಂದು ಕ್ಷಣವೂ ತಡವಾಗುವುದಿಲ್ಲ. ಹೋಂಸ್ಟೇ ರಿಸೆಪ್ಷನ್ನಿನಲ್ಲಿ ಇರುವವರಿಗೂ ಇದೇ. ಅಲ್ಲಿ ವಾರದ ನಡುವೆ ಗಂಟೆಗಟ್ಟಲೆ ಯಾರೂ ಬರದ ದಿನಗಳಿರುತ್ತವೆ, ಅಂಥವರು ಧೈರ್ಯವಾಗಿ ಕ್ರೋಶಾ ಚೌಕ ಹಿಡಿಯಬಹುದು. ಸ್ಟಾಫ್ ರೂಮಿನ ಶಿಕ್ಷಕಿಯರಿಗೆ ಪಾಠವಿಲ್ಲದ ಒಂದು ಪೀರಿಯಡ್ ಪೂರ್ತಿ ಸಿಗುತ್ತದೆ, ಕಸೂತಿ ಅವರಿಗೆ ಹೇಳಿ ಮಾಡಿಸಿದ್ದು. ರಾತ್ರಿ ಪಾಳಿಯ ನರ್ಸ್ ಸಿಸ್ಟರ್‌ಗಳಿಗೆ ನಾನು ಸೂಜಿಯ ಕೆಲಸ ಹೇಳುವುದೇ ಇಲ್ಲ. ಕೈ ಪದೇಪದೇ ತೊಳೆಯಬೇಕು, ಕರೆ ಬಂದರೆ ಓಡಬೇಕು, ಸೂಜಿ ಎಲ್ಲಿಟ್ಟೆ ಎಂದು ಹುಡುಕಲು ಹೊತ್ತಿರುವುದಿಲ್ಲ. ವಿರಾಮದ ಕೋಣೆಯಲ್ಲಿ ಕ್ರೋಶಾ ಸಾಕು, ಒಗೆಯಲು ಬರುವ ಅಕ್ರಿಲಿಕ್ ಉಲ್ಲನ್ನಿನಲ್ಲಿ.

ಕಾಫಿ ಬೀಜ ಸುಲಿದು ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಗಾರ್ಮೆಂಟ್ಸಿನಲ್ಲಿ, ಎಲ್ಲೇ ಆಗಲಿ ತಿರುಗುವ ಬೆಲ್ಟು, ಚಕ್ರ ಇರುವ ಕಡೆ ಕೈಯಲ್ಲಾಗಲಿ ಕುತ್ತಿಗೆಯಲ್ಲಾಗಲಿ ದಾರ ಇರಲೇಬಾರದು. ದಾರ ಬೆಲ್ಟಿಗೆ ಸಿಕ್ಕರೆ ಬೆರಳನ್ನೂ ಎಳೆದುಕೊಂಡು ಹೋಗುತ್ತದೆ. ಊಟದ ಶೆಡ್ಡಿಗೆ ಬಂದ ಮೇಲೆ ಚೀಲ ತೆರೆಯಿರಿ. ದಿನವಿಡೀ ಬೀಜ ಆರಿಸಿ ಬೆರಳು ಒರಟಾಗಿರುವವರಿಗೆ ರೇಷ್ಮೆ ದಾರ ಕಚ್ಚಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆಗೆ ಸಕ್ಕರೆ ಬೆರೆಸಿ ಉಜ್ಜಿ ತೊಳೆದರೆ ಬೆರಳು ನುಣುಪಾಗುತ್ತದೆ, ಆದರೂ ಹತ್ತಿ ದಾರವೇ ಮೇಲು.

ಮೀಟಿಂಗಿಗೆ ಯಾವುದನ್ನೂ ಒಯ್ಯಬೇಡಿ. ಕೈ ಓಡುತ್ತಿದ್ದರೆ ನನಗೆ ಮಾತು ಇನ್ನೂ ಚೆನ್ನಾಗಿ ತಲೆಗೆ ಹೋಗುತ್ತದೆ, ಅದು ನಿಜ. ಆದರೆ ಮಾತಾಡುತ್ತಿರುವವರಿಗೆ ಅದು ಕಾಣುವುದಿಲ್ಲ, ಅವರಿಗೆ ಕಾಣುವುದು ಬಗ್ಗಿದ ತಲೆ.

ಶುರುಮಾಡಲು ಬೇಕಾದ್ದು ಕಡಿಮೆ. ಒಂದು ಕ್ರೋಶಾ ಕಡ್ಡಿ, ಒಂದು ಉಂಡೆ ಉಲ್ಲನ್, ಎರಡು ಸೇಫ್ಟಿ ಪಿನ್, ಜಿಪ್ ಇರುವ ಪೆನ್ಸಿಲ್ ಪೌಚ್. ಕತ್ತರಿಯ ಬದಲು ನೇಲ್ ಕಟರ್ ಇಟ್ಟುಕೊಳ್ಳಿ, ದಾರ ಸಲೀಸಾಗಿ ಕತ್ತರಿಸುತ್ತದೆ, ಬಸ್ಸಿನಲ್ಲಿ ಯಾರಿಗೂ ಚುಚ್ಚುವುದಿಲ್ಲ. ಮೊದಲ ವಾರ ಕಚೇರಿಗೆ ಒಯ್ಯಬೇಡಿ. ನೋಡದೆ ಹತ್ತು ಚೈನು ಹಾಕಲು ಬರುವವರೆಗೆ ಮನೆಯಲ್ಲೇ, ಟಿವಿ ಮುಂದೆ. ಜೂನ್ ಬರುವ ಮೊದಲು ಪೌಚಿನೊಳಗೆ ಒಂದು ಚಿಟಿಕೆ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ, ಹದಿನೈದು ದಿನಕ್ಕೊಮ್ಮೆ ಬದಲಿಸಿ. ಸೂಜಿ, ಸ್ಟೀಲ್ ಕಡ್ಡಿಗಳನ್ನು ಎಣ್ಣೆ ಸವರಿದ ಬಟ್ಟೆಯಲ್ಲಿ ಬೇರೆಯಾಗಿ ಸುತ್ತಿಡಿ. ಶನಿವಾರ ಸಂಜೆ ಡ್ರಾಯರಿನಲ್ಲಿ ಏನನ್ನೂ ಬಿಡದೆ ಮನೆಗೆ ಒಯ್ಯಿರಿ.